ದತ್ತಿಯಾಗಿ ಹೋದ ಊರಿನಲ್ಲಿ ಯಾರಿದ್ದರು?

ಕನ್ನಡದ ಐತಿಹಾಸಿಕ ಕಾದಂಬರಿಗಳನ್ನು ಓದಿ ಬೆಳೆದವರಿಗೆಲ್ಲ ಪರಿಚಿತವಾದ ಸನ್ನಿವೇಶವೊಂದಿದೆ. ಅರಸನು ಯುದ್ಧದಲ್ಲಿ ಗೆದ್ದು ಹಿಂದಿರುಗಿದ್ದಾನೆ. ರಾಜಧಾನಿಯ ದೇವಾಲಯದಲ್ಲಿ ಮಂಗಳವಾದ್ಯ ಮೊಳಗುತ್ತಿದೆ. ಗುರುಗಳ ಕೈಗೆ ಧಾರೆಯ ನೀರೆರೆದು, ಸಕಲ ಸುಂಕಗಳ ಸಹಿತವಾಗಿ, ಅರಸನು ಊರೊಂದನ್ನು ದತ್ತಿ ಬಿಡುತ್ತಾನೆ. ವಂದಿಮಾಗಧರು ಜಯಕಾರ ಹಾಕುತ್ತಾರೆ; ಅಧ್ಯಾಯ ಮುಗಿಯುತ್ತದೆ. ದತ್ತಿಯಾಗಿ ಹೋದ ಆ ಊರಿನಲ್ಲಿ ಯಾರು ವಾಸವಾಗಿದ್ದರು, ತಮ್ಮ ಊರನ್ನು ಕೊಟ್ಟುಬಿಟ್ಟ ಸುದ್ದಿ ಅವರಿಗೆ ಯಾವಾಗ ಮುಟ್ಟಿತು, ಮುಂದಿನ ಸುಗ್ಗಿಯಲ್ಲಿ ಕಣದ ರಾಶಿಯ ಮುಂದೆ ಬಂದು ನಿಂತವರು ಯಾರು ಎಂಬುದನ್ನು ಮುಂದಿನ ಅಧ್ಯಾಯವೂ ಹೇಳುವುದಿಲ್ಲ.

ಅರ್ಥಶಾಸ್ತ್ರ ಓದಿ, ಮೂರು ದಶಕಗಳಿಗೂ ಹೆಚ್ಚು ಕಾಲ ಸರ್ಕಾರಿ ಸೇವೆಯಲ್ಲಿದ್ದು, ಅದರ ಬಹುಪಾಲನ್ನು ಕಂದಾಯದ ಕಡತಗಳ ನಡುವೆ ಕಳೆದ ನನ್ನಂಥವನಿಗೆ ಈ ಪ್ರಶ್ನೆ ಏಳುವುದು ಸಹಜ. ನಿವೃತ್ತಿಯ ನಂತರ ಮಧ್ಯಯುಗದ ಕರ್ನಾಟಕವನ್ನು ಕುರಿತ ಕಾದಂಬರಿ, ನಾಟಕಗಳನ್ನು ಮತ್ತೆ ಓದುತ್ತಿದ್ದೇನೆ. ಜೊತೆಗೆ, ಬಿ.ಎಲ್. ರೈಸ್ ಅವರು 1886ರಿಂದ ಹೊರತಂದ 'ಎಪಿಗ್ರಾಫಿಯ ಕರ್ನಾಟಿಕ' ಸಂಪುಟಗಳನ್ನೂ ತಿರುವಿ ಹಾಕುತ್ತಿದ್ದೇನೆ. ಎರಡನ್ನೂ ಅಕ್ಕಪಕ್ಕ ಇಟ್ಟು ಓದಿದಾಗ ಎದ್ದು ಕಾಣುವ ಸಂಗತಿಯೊಂದಿದೆ. ಸಾಮಾನ್ಯವಾಗಿ ದಾನಶಾಸನವೊಂದಕ್ಕೆ ಎರಡು ಭಾಗಗಳಿರುತ್ತವೆ. ಮೊದಲಿನದು ಪ್ರಶಸ್ತಿ: ಅರಸನ ವಂಶ, ಬಿರುದು, ಗೆದ್ದ ಯುದ್ಧಗಳು. ಎರಡನೆಯದು ವ್ಯವಹಾರ: ಗದ್ದೆ ಎಷ್ಟು, ಬೆದ್ದಲು ಎಷ್ಟು, ಮೂಡಲ ಎಲ್ಲೆಗೆ ಯಾವ ಮರ, ತೆಂಕಲ ಎಲ್ಲೆಗೆ ಯಾವ ಕಲ್ಲು, ಗಾಣದೆರೆ ಯಾರಿಗೆ, ಮಗ್ಗದೆರೆ ಯಾರಿಗೆ, ಮನೆದೆರೆ, ಮದುವೆಯ ಸುಂಕ, ಬಿಟ್ಟಿ. ಇಂದಿನ ಕ್ರಯಪತ್ರದ ಚಕ್ಕುಬಂದಿಯನ್ನು ಓದಿದವರಿಗೆ ಈ ಎರಡನೆಯ ಭಾಗ ಹೊಸದೆನಿಸುವುದೇ ಇಲ್ಲ. ನಮ್ಮ ಕಾದಂಬರಿ ಮೊದಲ ಭಾಗವನ್ನು ಎತ್ತಿಕೊಂಡಿತು. ಎರಡನೆಯ ಭಾಗವನ್ನು ಕಲ್ಲಿನಲ್ಲೇ ಬಿಟ್ಟಿತು.

ಇದಕ್ಕೆ ಕಾರಣಗಳಿಲ್ಲದೆ ಇಲ್ಲ. ಆ ಕಾರಣಗಳು ಗೌರವಕ್ಕೆ ಅರ್ಹವಾದವು ಕೂಡ. ಗಳಗನಾಥರು 'ಮಾಧವ ಕರುಣಾವಿಲಾಸ' ಬರೆದಾಗ ಕರ್ನಾಟಕವೆಂಬ ರಾಜ್ಯವೇ ಇರಲಿಲ್ಲ. ಮುಂಬಯಿ, ಮದರಾಸು, ಹೈದರಾಬಾದು, ಮೈಸೂರು ಎಂದು ಕನ್ನಡಿಗರು ಹಂಚಿಹೋಗಿದ್ದರು. ಆಲೂರು ವೆಂಕಟರಾಯರ 'ಕರ್ನಾಟಕ ಗತವೈಭವ' ಪ್ರಕಟವಾದದ್ದು 1917ರಲ್ಲಿ. ತಮಗೂ ಒಂದು ಸಾಮ್ರಾಜ್ಯವಿತ್ತೆಂದು ನೆನಪಿಸಬೇಕಾದ ಕಾಲದಲ್ಲಿ ಗಾಣದೆರೆಯ ಲೆಕ್ಕ ಬರೆಯುತ್ತ ಕುಳಿತರೆ ಕೇಳುವವರು ಯಾರು? ಪುಸ್ತಕದ ಹೊರೆಯನ್ನು ತಾವೇ ಹೊತ್ತು ಊರೂರು ಅಲೆದು ಮಾರಿದ ಗಳಗನಾಥರಿಗೆ ಕೃಷ್ಣೆ ತುಂಗಭದ್ರೆಯರ ದಂಡೆಯ ಓದುಗನನ್ನು ಎಬ್ಬಿಸಬೇಕಾಗಿತ್ತು. ಅದಕ್ಕೆ ವಿದ್ಯಾರಣ್ಯರು ಬೇಕಾಗಿದ್ದರು. ನಂತರ ಬಂದ ತ.ರಾ.ಸು. ಅವರಂಥವರು ಅದೇ ಬೆಂಕಿಯನ್ನು ಕಾಪಾಡಿಕೊಂಡು ಬಂದರು. ಅವರ 'ದುರ್ಗಾಸ್ತಮಾನ'ದ ಕಾಲ ಹದಿನೆಂಟನೆಯ ಶತಮಾನವಾದ್ದರಿಂದ ಅದನ್ನು ನನ್ನ ವಿಷಯದಿಂದ ಹೊರಗಿಡುತ್ತೇನೆ. ಆದರೆ 1956ರ ಏಕೀಕರಣವಾಗಿ ಏಳು ದಶಕಗಳು ಉರುಳಿದ ಮೇಲೂ ನಾವು ಅದೇ ಪ್ರಶಸ್ತಿ ಭಾಗವನ್ನು ಮಾತ್ರ ಓದುತ್ತಿರಬೇಕೆ?

ವಿಜಯನಗರವನ್ನೇ ತೆಗೆದುಕೊಳ್ಳೋಣ. ನಮ್ಮ ಕಾದಂಬರಿಗಳ, ಚಲನಚಿತ್ರಗಳ, ರಾಜ್ಯೋತ್ಸವದ ಭಾಷಣಗಳ ವಿಜಯನಗರದಲ್ಲಿ ಮುತ್ತುರತ್ನಗಳನ್ನು ಬೀದಿಯಲ್ಲಿ ಬಳ್ಳದಿಂದ ಅಳೆದು ಮಾರುತ್ತಾರೆ. ಈ ಚಿತ್ರಕ್ಕೆ ಬಲ ಕೊಟ್ಟ ಮುಖ್ಯ ಆಕರ ರಾಬರ್ಟ್ ಸಿವೆಲ್ 1900ರಲ್ಲಿ ಪ್ರಕಟಿಸಿದ ಗ್ರಂಥ. ಅದರಲ್ಲಿ ಇಬ್ಬರು ಪೋರ್ಚುಗೀಸರ ಬರಹಗಳ ಅನುವಾದಗಳಿವೆ. ಒಬ್ಬ ಡೊಮಿಂಗೊ ಪೇಸ್. ಸುಮಾರು 1520ರಲ್ಲಿ ಕೃಷ್ಣದೇವರಾಯನ ನಗರವನ್ನು ಕಂಡು ಬೆರಗಾದವನು. ಇನ್ನೊಬ್ಬ ನ್ಯೂನಿಜ್, ಹದಿನೈದು ವರ್ಷಗಳ ನಂತರ ಬರೆದವನು, ಕುದುರೆಯ ವ್ಯಾಪಾರಿ. ಪೇಸ್ ಮಹಾನವಮಿಯ ಮೆರವಣಿಗೆಯನ್ನು ವರ್ಣಿಸುತ್ತಾನೆ. ನ್ಯೂನಿಜ್ ಲೆಕ್ಕ ಹಾಕುತ್ತಾನೆ. ವರ್ಷಕ್ಕೆ ಹದಿಮೂರು ಸಾವಿರ ಕುದುರೆಗಳನ್ನು ರಾಯರು ಕೊಳ್ಳುತ್ತಿದ್ದರೆಂದು ಹೇಳುವವನು ಅವನು. ರೈತರು ಬೆಳೆದದ್ದರಲ್ಲಿ ಹತ್ತರಲ್ಲಿ ಒಂಬತ್ತು ಪಾಲನ್ನು ತಮ್ಮ ಒಡೆಯರಿಗೆ ಒಪ್ಪಿಸುತ್ತಿದ್ದರೆಂದು ಬರೆದವನೂ ಅವನೇ.

ಹತ್ತರಲ್ಲಿ ಒಂಬತ್ತು ಎಂಬ ಅಂಕಿಯನ್ನು ಅಕ್ಷರಶಃ ನಂಬಬೇಕಾಗಿಲ್ಲ. ಅಷ್ಟನ್ನು ಕೊಟ್ಟ ರೈತ ಮುಂದಿನ ವರ್ಷ ಬಿತ್ತನೆಗೆ ಉಳಿಯಲಾರ ಎಂಬುದನ್ನು ಅರಿಯಲು ಅರ್ಥಶಾಸ್ತ್ರದ ಪದವಿ ಬೇಡ. ವಿದೇಶಿ ವ್ಯಾಪಾರಿಯೊಬ್ಬ ಕೇಳಿಸಿಕೊಂಡ ಮಾತು ಅದು. ಆದರೆ ಒಂದೇ ಪುಸ್ತಕದ ಎರಡು ಬದಿಗಳಲ್ಲಿ ಪೇಸ್‌ನ ಬೆರಗು ನಮ್ಮ ಕಾದಂಬರಿಗಳಿಗೆ ಹರಿದು ಬಂದು ನ್ಯೂನಿಜ್‌ನ ಲೆಕ್ಕ ಅಲ್ಲೇ ಉಳಿದದ್ದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ಕುದುರೆಗಳಿಗೆ ಹಣ ಎಲ್ಲಿಂದ ಬಂತೆಂದು ಕೇಳದೆಯೇ ಅಶ್ವದಳದ ಶೌರ್ಯವನ್ನು ನೂರು ಪುಟ ವರ್ಣಿಸುವುದು ಸಾಧ್ಯ. ನಾವು ಹಾಗೆಯೇ ಮಾಡಿದ್ದೇವೆ.

ಈ ಇಬ್ಬರೂ ಹೇಳುವ ಇನ್ನೊಂದು ಕಥೆಯಿದೆ. ಕೃಷ್ಣದೇವರಾಯ ಕಟ್ಟಿಸಿದ ದೊಡ್ಡ ಕೆರೆಯ ಕಥೆ ಅದು. ಹೊಸಪೇಟೆಯ ದಕ್ಷಿಣಕ್ಕೆ ಬೆಟ್ಟಗಳ ನಡುವಿನ ರಾಯರ ಕೆರೆಯೇ ಅದೆಂದು ಗುರುತಿಸುವವರಿದ್ದಾರೆ. ಏರಿಯ ಮೇಲೆ ಹದಿನೈದು ಇಪ್ಪತ್ತು ಸಾವಿರ ಜನ ಇರುವೆಗಳಂತೆ ಕೆಲಸ ಮಾಡುವುದನ್ನು ಪೇಸ್ ಕಣ್ಣಾರೆ ಕಂಡ. ಏರಿ ಎರಡು ಮೂರು ಬಾರಿ ಒಡೆಯಿತು. ದೇವರಿಗೆ ನರಬಲಿ ಬೇಕೆಂದು ಪುರೋಹಿತರು ಹೇಳಿದರು. ಅರವತ್ತು ಮನುಷ್ಯರನ್ನೂ ಕೆಲವು ಕುದುರೆ, ಕೋಣಗಳನ್ನೂ ಕಡಿದರು ಎಂದು ಅವನು ಬರೆಯುತ್ತಾನೆ. ಬಲಿಯಾದವರು ಮರಣದಂಡನೆಗೆ ಅರ್ಹರಾದ ಕೈದಿಗಳೆಂಬುದು ನ್ಯೂನಿಜ್‌ನ ವಿವರಣೆ. ಕೆಲಸಕ್ಕೆ ಗೋವೆಯ ಪೋರ್ಚುಗೀಸರಿಂದ ಒಬ್ಬ ಕಲ್ಲುಕೆಲಸದವನನ್ನು ಕರೆಸಿಕೊಂಡದ್ದನ್ನೂ ಅವನು ದಾಖಲಿಸಿದ್ದಾನೆ. ನಂತರ ಬರುವ ಸಾಲು ನನ್ನನ್ನು ಅಲ್ಲಿಯೇ ನಿಲ್ಲಿಸಿತು. ನೀರು ನಿಂತ ಮೇಲೆ ಆ ಕೆರೆಯ ಕೆಳಗಿನ ಭೂಮಿಯನ್ನು ಸಾಗುವಳಿಗೆ ತಂದವರಿಗೆ ಒಂಬತ್ತು ವರ್ಷ ತೆರಿಗೆಯ ವಿನಾಯಿತಿ ಕೊಡಲಾಯಿತು. ಆ ಬಳಿಕ ಉತ್ಪತ್ತಿ ಇಪ್ಪತ್ತು ಸಾವಿರ ವರಹಗಳ ಮಟ್ಟಕ್ಕೆ ಏರಿತು. ಹೊಸ ಕೈಗಾರಿಕೆಗಳಿಗೆ ತೆರಿಗೆ ರಜೆ ಘೋಷಿಸುವ ನಮ್ಮ ಇಂದಿನ ಕೈಗಾರಿಕಾ ನೀತಿಯ ತಿರುಳು ಇದೇ ಅಲ್ಲವೆ? ತಲೆ ಕಡಿಸುವ ಅರಸನೂ ಅವನೇ. ಒಂಬತ್ತು ವರ್ಷ ತಾಳ್ಮೆಯಿಂದ ಕಾಯುವ ಅರಸನೂ ಅವನೇ. ಇಂಥ ಕೃಷ್ಣದೇವರಾಯ ಅಪ್ಪಾಜಿ ಎಂದು ತಿಮ್ಮರಸನ ಪಾದ ಹಿಡಿಯುವ ಕಾದಂಬರಿಯ ರಾಯನಿಗಿಂತ ಹೆಚ್ಚು ಆಳವಾದ ಪಾತ್ರ. ಅವನನ್ನು ಬರೆಯುವ ಧೈರ್ಯವನ್ನು, ನಾನು ಓದಿದ ಮಟ್ಟಿಗೆ, ನಮ್ಮ ಕಾದಂಬರಿಕಾರರು ಮಾಡಿಲ್ಲ.

ಪ್ರಜೆಗಳು ಎಲ್ಲವನ್ನೂ ಸಹಿಸಿಕೊಂಡು ಜಯಕಾರ ಹಾಕುತ್ತಿದ್ದರೆಂಬ ಭಾವನೆಯೂ ಕಾದಂಬರಿಗಳ ಕೊಡುಗೆಯೇ. ಪ್ರೌಢದೇವರಾಯನ ಕಾಲದಲ್ಲಿ, 1429ರಲ್ಲಿ, ಸಾಮ್ರಾಜ್ಯಕ್ಕೆ ಸೇರಿದ್ದ ಕಾವೇರಿ ಕೆಳದಂಡೆಯ ತಮಿಳು ಸೀಮೆಯ ಬಲಗೈ ಎಡಗೈ ಪಂಗಡಗಳು ಪರಸ್ಪರ ಹಳೆಯ ವೈರವನ್ನು ಬದಿಗಿಟ್ಟು ಒಂದಾದವು. ಅಧಿಕಾರಿಗಳೂ ಭೂಒಡೆಯರೂ ಹೇರಿದ ತೆರಿಗೆಗಳನ್ನು ತಾವು ಕೊಡುವುದಿಲ್ಲವೆಂದು, ಕೊಡುವುದಾದರೆ ಯಾವುದಕ್ಕೆ ಎಷ್ಟೆಂದು ತಾವೇ ನಿರ್ಣಯಿಸಿ, ದೇವಾಲಯದ ಗೋಡೆಗಳ ಮೇಲೆ ಕೆತ್ತಿಸಿದವು. ಆ ಗೋಡೆಗಳು ಇಂದಿಗೂ ಇವೆ. ಇದಾದ ಹದಿನಾಲ್ಕು ವರ್ಷಗಳಿಗೆ, 1443ರಲ್ಲಿ, ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಬಂದು ಅದೇ ದೇವರಾಯನ ರಾಜಧಾನಿಯಂಥ ನಗರವನ್ನು ಕಂಡಿಲ್ಲವೆಂದು ಕೊಂಡಾಡಿದ. ಅವನ ಹೊಗಳಿಕೆ ನಮ್ಮ ಶಾಲಾ ಮಕ್ಕಳಿಗೂ ಗೊತ್ತು.

ಹೊಯ್ಸಳರ ಕಡೆಗೆ ಬಂದರೆ ಶಾಂತಲೆ ಎದುರಾಗುತ್ತಾಳೆ. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿ ಹೆಸರಾದ ಕೆ.ವಿ. ಅಯ್ಯರ್ ಅವರು ಆಕೆಯ ಬಗ್ಗೆ ಅಷ್ಟೊಂದು ಸುಕುಮಾರವಾದ ಕಾದಂಬರಿ ಬರೆದದ್ದು ನಮ್ಮ ಸಾಹಿತ್ಯದ ಸೋಜಿಗಗಳಲ್ಲೊಂದು. ಸಿ.ಕೆ. ನಾಗರಾಜರಾವ್ ಅವರ ಬೃಹತ್ ಕೃತಿ 'ಪಟ್ಟಮಹಾದೇವಿ ಶಾಂತಲದೇವಿ' 1978ರಲ್ಲಿ ಬಂತು; ಶಾಸನಗಳನ್ನು ಶ್ರಮವಹಿಸಿ ಓದಿ ಬರೆದದ್ದು. ಓದುಗರ ಮನಸ್ಸಿನಲ್ಲಿ ಉಳಿದ ಶಾಂತಲೆ ಮಾತ್ರ ನರ್ತಕಿ, ಸುಂದರಿ, ತ್ಯಾಗಮಯಿ. ಶ್ರವಣಬೆಳಗೊಳದ ಕಲ್ಲು ಇನ್ನೊಬ್ಬ ಶಾಂತಲೆಯನ್ನು ಬಲ್ಲದು. ಆಕೆ 1123ರಲ್ಲಿ ಅಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿ, ಅದರ ನಿರ್ವಹಣೆಗಾಗಿ ಮೊಟ್ಟೆನವಿಲೆ ಎಂಬ ಗ್ರಾಮವನ್ನು ತನ್ನ ಗುರು ಪ್ರಭಾಚಂದ್ರ ಸಿದ್ಧಾಂತದೇವರಿಗೆ ಕೊಟ್ಟಳು. 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು. ಆಕೆಯ ಸಾವು ಹೇಗಾಯಿತೆಂಬ ಬಗ್ಗೆ ನಮ್ಮಲ್ಲಿ ನಡೆದಷ್ಟು ಚರ್ಚೆ ಬೇರೆ ಯಾವ ರಾಣಿಯ ಬಗ್ಗೆಯೂ ನಡೆದಿರಲಾರದು. ಮೊಟ್ಟೆನವಿಲೆಯ ಬಗ್ಗೆ ಯಾರೂ ಕೇಳಲಿಲ್ಲ. ಒಂದು ಗ್ರಾಮದ ಹುಟ್ಟುವಳಿಯನ್ನು ತನ್ನ ಹೆಸರಿನಲ್ಲಿ ವಿನಿಯೋಗಿಸಬಲ್ಲ ಸ್ತ್ರೀ, ಹನ್ನೆರಡನೆಯ ಶತಮಾನದಲ್ಲಿ! ದರ್ಪಣ ಹಿಡಿದ ಸುಂದರಿಗಿಂತ ಅವಳು ನನಗೆ ಹೆಚ್ಚು ಕುತೂಹಲಕಾರಿ. ಹಾಗೆಯೇ ಆ ಗ್ರಾಮದ ಒಕ್ಕಲುಗಳೂ.

ಶಿಲ್ಪಿಗಳ ವಿಷಯವೂ ಇದೇ. ಬೇಲೂರಿನ ವಿಗ್ರಹಗಳ ಅಡಿಯಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮುಂತಾದವರು ತಮ್ಮ ಹೆಸರನ್ನು ತಾವೇ ಕೊರೆದಿದ್ದಾರೆ. ನಮಗೆ ಗೊತ್ತಿರುವುದು ಜಕಣಾಚಾರಿ. ಅವನ ಮೇಲೆ 1964ರಲ್ಲಿ ಬಣ್ಣದ ಚಲನಚಿತ್ರವೂ ಬಂತು.

ಇದೆಲ್ಲ ನಿವೃತ್ತ ಅಧಿಕಾರಿಯ ಹವ್ಯಾಸ, ಕಾದಂಬರಿಯಲ್ಲಿ ತೆರಿಗೆ ಇದ್ದರೇನು ಬಿಟ್ಟರೇನು ಎನ್ನುವವರಿಗೆ ನಾನು ಸ್ವಲ್ಪ ವಿವರವಾಗಿಯೇ ಉತ್ತರಿಸಬೇಕು. ಅರಸರು ಬಿಟ್ಟ ದತ್ತಿಗಳು ಅರಸರ ಜೊತೆಗೆ ಮುಗಿಯಲಿಲ್ಲ. ರಾಜವಂಶಗಳು ಬದಲಾದವು, ದತ್ತಿಗಳು ಇನಾಂ ಎಂಬ ಹೆಸರು ಪಡೆದು ಉಳಿದವು; ಹೊಸ ಅರಸರು ಹಳೆಯವನ್ನು ಊರ್ಜಿತಗೊಳಿಸುತ್ತ, ಹೊಸದನ್ನು ಸೇರಿಸುತ್ತ ಬಂದರು. ಹಳೆಯ ಮೈಸೂರಿನಲ್ಲಿ ವೈಯಕ್ತಿಕ ಇನಾಮುಗಳನ್ನು ರದ್ದುಪಡಿಸಲು 1954ರಲ್ಲಿ ಒಂದು ಕಾಯಿದೆ, ದೇವಾಲಯ, ಮಠಗಳ ಇನಾಮುಗಳಿಗಾಗಿ 1955ರಲ್ಲಿ ಇನ್ನೊಂದು ಕಾಯಿದೆ ಬರಬೇಕಾಯಿತು. ಉಳುವವನಿಗೆ ಹಕ್ಕು ಕೊಟ್ಟ 1974ರ ಭೂಸುಧಾರಣಾ ತಿದ್ದುಪಡಿಯ ಅರ್ಜಿಗಳು ನನ್ನ ಸೇವೆಯ ಆರಂಭದ ವರ್ಷಗಳಲ್ಲಿ ಇನ್ನೂ ಇತ್ಯರ್ಥವಾಗುತ್ತಲೇ ಇದ್ದವು. ಅಂದರೆ, ಕಾದಂಬರಿಯಲ್ಲಿ ಧಾರೆ ಎರೆದ ನೀರು ನಮ್ಮ ಕಚೇರಿಗಳಲ್ಲಿ ಇಪ್ಪತ್ತನೆಯ ಶತಮಾನದ ಕೊನೆಯವರೆಗೂ ಆರಿರಲಿಲ್ಲ.

ಭೂ ನ್ಯಾಯಮಂಡಳಿಯೊಂದರ ವಿಚಾರಣೆಗೆ ಬಂದಿದ್ದ ಒಬ್ಬ ವೃದ್ಧ ಗೇಣಿದಾರರ ನೆನಪು ನನಗೆ ಈಗಲೂ ಇದೆ. ನಮೂನೆ ಏಳನ್ನು ಸಲ್ಲಿಸಿದ್ದರು. ಸಾಗುವಳಿಗೆ ದಾಖಲೆಯೆಂಬುದು ಏನೂ ಇರಲಿಲ್ಲ. "ಭೂಮಿ ಯಾರದು, ಯಜಮಾನರೇ?" ಎಂದು ಕೇಳಿದೆ. "ದೇವರದು ಸ್ವಾಮಿ. ಉಳೋರು ನಾವು," ಎಂದರು. ಎಷ್ಟು ಕಾಲದಿಂದ ಎಂದು ಕೇಳಿದಾಗ, "ಕಲ್ಲು ನೆಟ್ಟಾಗಿನಿಂದ," ಎಂದು ಗುಡಿಯ ಕಡೆ ಕೈ ತೋರಿಸಿದರು. ಸ್ಥಳ ತನಿಖೆಗೆ ಹೋದಾಗ ಆ ಕಲ್ಲನ್ನು ಕಂಡೆ; ಆಮೇಲೆ ಜಿಲ್ಲೆಯ ಶಾಸನ ಸಂಪುಟದಲ್ಲಿ ಅದರ ಪಾಠವನ್ನೂ ಹುಡುಕಿ ಓದಿದೆ. ದಾನಿಯ ಹೆಸರಿತ್ತು, ದೇವರ ಹೆಸರಿತ್ತು, ಸ್ಥಾನಿಕನ ಹೆಸರಿತ್ತು, ಎಲ್ಲೆಯ ಮರಗಳಿಗೂ ಹೆಸರಿತ್ತು. ದತ್ತಿಯನ್ನು ಕೆಡಿಸಿದವನಿಗೆ ಗಂಗೆಯ ತಡಿಯಲ್ಲಿ ಗೋವನ್ನು ಕೊಂದ ಪಾಪ ಬರುವುದೆಂಬ ಶಾಪವೂ ಇತ್ತು. ಉಳುವವರು ಯಾರೆಂಬುದು ಮಾತ್ರ ಅದರಲ್ಲಿ ಇರಲಿಲ್ಲ. ಆ ಕುಟುಂಬದ ಬಳಿ ಇದ್ದ ಏಕೈಕ ಸಾಕ್ಷ್ಯ ಅವರ ಬಗ್ಗೆ ಏನೂ ಹೇಳದ ಒಂದು ಕಲ್ಲು. ಶಾಸನ ಬಿಟ್ಟ ಈ ಜಾಗವನ್ನು ಇತಿಹಾಸಕಾರ ತುಂಬಲಾರ. ಅವನಿಗೆ ಆಧಾರ ಬೇಕು. ತುಂಬಬಲ್ಲವನು ಕಾದಂಬರಿಕಾರ ಒಬ್ಬನೇ. ಅವನೂ ಅರಮನೆಯ ಕಡೆಗೇ ಹೊರಟುಬಿಟ್ಟರೆ?

ಅರಮನೆಗೆ ಹೋಗುವುದು ಸುರಕ್ಷಿತ ಎಂಬ ಕಾರಣವೂ ಇದ್ದೀತು. ಮಧ್ಯಯುಗ ನಮ್ಮಲ್ಲಿ ಇನ್ನೂ ತಣ್ಣಗಾಗಿಲ್ಲ. ಪಿ.ವಿ. ನಾರಾಯಣ ಅವರ 'ಧರ್ಮಕಾರಣ' ಕಾದಂಬರಿಯನ್ನು ರಾಜ್ಯ ಸರ್ಕಾರ 1997ರಲ್ಲಿ ಮುಟ್ಟುಗೋಲು ಹಾಕಿಕೊಂಡಿತು. 2007ರಲ್ಲಿ ಸುಪ್ರೀಂ ಕೋರ್ಟು ಆ ಆಜ್ಞೆಯನ್ನು ಎತ್ತಿಹಿಡಿಯಿತು. ಹನ್ನೆರಡನೆಯ ಶತಮಾನದ ಕಲ್ಯಾಣದ ಬಗ್ಗೆ ಬರೆಯುವವರು ಇಪ್ಪತ್ತನೆಯ ಶತಮಾನದ ದಂಡಸಂಹಿತೆಯನ್ನೂ ಓದಿಕೊಂಡಿರಬೇಕಾದ ಸ್ಥಿತಿ ಅದು. ಒಬ್ಬೊಬ್ಬ ಅರಸನೂ, ಸೇನಾನಿಯೂ ಇಂದು ಒಂದೊಂದು ಸಮುದಾಯದ ಸ್ವತ್ತಾಗಿರುವಾಗ, ಪ್ರಶಸ್ತಿ ಭಾಗವನ್ನೇ ಇನ್ನಷ್ಟು ಎತ್ತರದ ದನಿಯಲ್ಲಿ ಓದಿ ಪಾರಾಗುವ ಆಸೆ ಯಾರಿಗಾದರೂ ಬಂದರೆ ಅಚ್ಚರಿಯಿಲ್ಲ.

ಹಾಗಿದ್ದರೂ ಬೇರೆ ದಾರಿ ಹಿಡಿದವರಿದ್ದಾರೆ. ವಿಚಿತ್ರವೆಂದರೆ, ಈ ವಿಷಯದಲ್ಲಿ ಕಾದಂಬರಿಗಿಂತ ನಾಟಕ ಮುಂದಿದೆ. ಗಿರೀಶ ಕಾರ್ನಾಡರ 'ತುಘಲಕ್' 1964ರದು. ಅದನ್ನು ನೆಹರೂ ಯುಗದ ರೂಪಕವೆಂದು ವಿಮರ್ಶಕರು ಸಾಕಷ್ಟು ಬರೆದಿದ್ದಾರೆ. ಆ ಮಾತು ನನಗೆ ಈಗ ಸ್ವಲ್ಪ ಹಳಸಲೆನಿಸುತ್ತದೆ. ನನಗೆ ಅದು ಹಣದ ನಾಟಕ. ಸರ್ಕಾರ ವಶಪಡಿಸಿಕೊಂಡ ಜಮೀನಿನ ಪರಿಹಾರಕ್ಕಾಗಿ ಸುಲ್ತಾನನ ಮೇಲೆಯೇ ದಾವೆ ಹೂಡಿ ಗೆಲ್ಲುವ 'ಬ್ರಾಹ್ಮಣ'ನಿಂದ ಅದು ಆರಂಭವಾಗುತ್ತದೆ. ಆ ಬ್ರಾಹ್ಮಣ ವೇಷ ಹಾಕಿದ ಅಗಸ ಅಜೀಜ್. ಸುಳ್ಳು ದಾಖಲೆ, ಪರಿಹಾರದ ಮೊತ್ತ, ಮೇಲೊಂದು ಸರ್ಕಾರಿ ನೌಕರಿ! ಭೂಸ್ವಾಧೀನದ ಕಡತಗಳನ್ನು ನೋಡಿದವರು ಈ ದೃಶ್ಯಕ್ಕೆ ನಗದೆ ಇರಲಾರರು. ಮುಂದೆ ತಾಮ್ರದ ನಾಣ್ಯಕ್ಕೆ ಬೆಳ್ಳಿಯ ಬೆಲೆ ಕಟ್ಟಿದ ಸುಲ್ತಾನನ ಯೋಜನೆಯನ್ನು ಅರ್ಥಮಾಡಿಕೊಂಡವನೂ ಅವನೇ; ಖೋಟಾ ನಾಣ್ಯ ಟಂಕಿಸಲು ಹೊರಡುತ್ತಾನೆ. 1990ರ 'ತಲೆದಂಡ'ವೂ ಹೀಗೆಯೇ. ಭಂಡಾರಿಯಾದ ಬಸವಣ್ಣನವರು ಊರಲ್ಲಿಲ್ಲದಾಗ ಯುವರಾಜ ಸೋವಿದೇವ ಬೊಕ್ಕಸದ ತಪಾಸಣೆಗೆ ನುಗ್ಗುವ ಪ್ರಸಂಗ ಅದರ ಆರಂಭದಲ್ಲೇ ಬರುತ್ತದೆ. ಧರ್ಮದ ಕ್ರಾಂತಿಯನ್ನು ಖಜಾನೆಯ ಬಾಗಿಲಿನಿಂದ ನೋಡಿದ ಈ ಕ್ರಮದಿಂದ ಬಸವಣ್ಣನವರ ಎತ್ತರ ಒಂದಿಷ್ಟೂ ಕುಗ್ಗಲಿಲ್ಲ.

ಕಾದಂಬರಿಯಲ್ಲಿ ಇತ್ತೀಚಿನ ಒಳ್ಳೆಯ ಉದಾಹರಣೆ ವಸುಧೇಂದ್ರರ 'ತೇಜೋ ತುಂಗಭದ್ರಾ' (2019). ಲಿಸ್ಬನ್ನಿನ ತೇಜೋ ನದಿಯ ದಂಡೆಯಿಂದ ವಿಜಯನಗರದ ತುಂಗಭದ್ರೆಯವರೆಗೆ ಅದರ ಕಥೆ ಹರಡಿದೆ. ಅಲ್ಲಿ ರಾಯರು ದೂರದಲ್ಲಿರುತ್ತಾರೆ. ಹತ್ತಿರದಲ್ಲಿರುವವರು ಸಾಧಾರಣ ಜನ. ಕರಿಮೆಣಸಿಗೆ ಯುರೋಪಿನಲ್ಲಿದ್ದ ಬೆಲೆ ಇಲ್ಲಿಯ ಒಬ್ಬ ಹೆಣ್ಣಿನ ಬದುಕನ್ನು ಹೇಗೆ ಮುಟ್ಟಬಲ್ಲದು ಎಂಬ ಅರಿವು ಆ ಪುಸ್ತಕದ ಹಿಂದಿದೆ. ಕ್ರೌರ್ಯದ ವರ್ಣನೆ ಅಲ್ಲಲ್ಲಿ ಅಗತ್ಯಕ್ಕಿಂತ ಹೆಚ್ಚಾಯಿತೆಂದು ನನಗನಿಸಿದ್ದುಂಟು. ಆದರೂ ಅದು ಮತ್ತೆ ಮತ್ತೆ ಮುದ್ರಣ ಕಂಡಿತು. ಓದುಗರಿಗೆ ಅರಮನೆಯೇ ಬೇಕು ಎಂಬ ಪ್ರಕಾಶಕರ ವಾದ ಅಲ್ಲಿಗೆ ಬಿತ್ತು.

ಬರೆಯಲು ಹೊರಡುವ ಕಿರಿಯರಿಗೆ ವಸ್ತುವಿನ ಬರವಿಲ್ಲ. ಒಂದೇ ಒಂದನ್ನು ಹೇಳುತ್ತೇನೆ. ಕಾರ್ನಾಡರು ತಮ್ಮ ಕೊನೆಯ ನಾಟಕ 'ರಾಕ್ಷಸ ತಂಗಡಿ'ಯಲ್ಲಿ (2018) ಅಳಿಯ ರಾಮರಾಯನನ್ನು ರಂಗಕ್ಕೆ ತಂದರು. ಆ ರಾಮರಾಯನ ಕಾಲದಲ್ಲಿ, ಸದಾಶಿವರಾಯ ಹೆಸರಿಗೆ ಮಾತ್ರ ಅರಸನಾಗಿದ್ದ 1540ರ ದಶಕದಲ್ಲಿ, ಕೆತ್ತಿಸಿದ ಶಾಸನಗಳ ಒಂದು ಗುಂಪು ಕನ್ನಡ ಮತ್ತು ತೆಲುಗು ಜಿಲ್ಲೆಗಳಲ್ಲಿ ಸಿಗುತ್ತದೆ. ಕೊಂಡೋಜನೆಂಬ ಕ್ಷೌರಿಕ ರಾಮರಾಯನ ಮೆಚ್ಚುಗೆ ಗಳಿಸಿದನಂತೆ. ಆ ಮೆಚ್ಚುಗೆಗೆ ಪ್ರತಿಯಾಗಿ ಬಂದದ್ದು ಒಂದು ಊರಲ್ಲ, ಒಂದು ಬಿರುದೂ ಅಲ್ಲ. ನಾಡಿನ ಕ್ಷೌರಿಕರೆಲ್ಲರಿಗೂ ತೆರಿಗೆ, ಕಾಣಿಕೆ, ಬಿಟ್ಟಿ, ಬಿರಾಡಗಳ ಮನ್ನಾ. ಊರೂರಿನ ನಾಯಕರು, ಅಧಿಕಾರಿಗಳು ಆ ಆಜ್ಞೆಯನ್ನು ತಮ್ಮ ತಮ್ಮ ಸೀಮೆಯ ಕಲ್ಲುಗಳ ಮೇಲೆ ಹಾಕಿಸಿದರು. ಮನ್ನಾ ಆದ ಬಾಬುಗಳಲ್ಲಿ ಮಹಾನವಮಿಯ ಪಂಜಿನದೂ ಒಂದು. ಪೇಸ್ ಬೆರಗಾಗಿ ನೋಡಿದ್ದನಲ್ಲ, ಆ ಮಹಾನವಮಿಯ ಇರುಳಿನ ಬೆಳಕು. ಅದರ ಭಾರ ಬೀಳುತ್ತಿದ್ದುದು ಯಾರ ಮೇಲೆಂಬುದನ್ನು ಈ ಒಂದು ಪದ ಹೇಳುತ್ತದೆ. ಕೊಂಡೋಜ ಈ ಬೇಡಿಕೆಯನ್ನು ಯಾವ ಗಳಿಗೆಯಲ್ಲಿ ಮುಂದಿಟ್ಟನೆಂಬುದನ್ನು ಯಾವ ಕಲ್ಲೂ ದಾಖಲಿಸಿಲ್ಲ. ಸಾಮ್ರಾಜ್ಯದ ಅತ್ಯಂತ ಬಲಶಾಲಿ ಮನುಷ್ಯ ಕಣ್ಣು ಮುಚ್ಚಿ, ಗಲ್ಲ ಎತ್ತಿ, ಕೊರಳನ್ನು ಅವನ ಕತ್ತಿಗೆ ಒಪ್ಪಿಸಿ ಕ್ಷೌರಕ್ಕೆ ಕುಳಿತಿದ್ದಾಗಲೇ ಇರಬಹುದು.